ಕಂಡುದು ಮತ್ತು ಕಾಣಬಯಸಿದುದು

ಕಂಡುದನ್ನು ಕಂಡಂತೆ ನುಡಿಯುವುದು ಸುಲಭವೆಂದು ತೋರುವುದು. ಆಚರಿಸಹೊರಟಾಗಲೇ ಅದರ ಕಷ್ಟವು ತಿಳಿಯುವುದು.

2025ರ ನವೆಂಬರಿನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಮನೆಯ ಹಿತ್ತಿಲಲ್ಲಿ ಚಿಕ್ಕದೊಂದು ದೂರದರ್ಶಕವನ್ನು ನಿಲ್ಲಿಸಿ ಶನಿಗ್ರಹದ ಛಾಯಾಚಿತ್ರವನ್ನು ತೆಗೆಯತೊಡಗಿದನು. ಮೊದಮೊದಲು ದೊರೆತುದು ನಡುಗುವ ಹಳದಿ ಚುಕ್ಕೆ ಮಾತ್ರ. ನೂರು ಕೋಟಿ ಕಿಲೋಮೀಟರಿಗೂ ಮಿಗಿಲಾದ ದೂರದಿಂದ ಬರುವ ಆ ಬೆಳಕನ್ನು ನಮ್ಮ ನೆತ್ತಿಯ ಮೇಲಣ ಗಾಳಿಯೇ ಕದಡುತ್ತದೆ. ಆದುದರಿಂದ ಅಭ್ಯಾಸಿಗಳು ಕೆಲವೇ ನಿಮಿಷಗಳಲ್ಲಿ ಸಾವಿರಾರು ಚಿತ್ರಗಳನ್ನು ತೆಗೆದು, ಗಾಳಿಯು ಶಾಂತವಾಗಿದ್ದ ಕ್ಷಣಗಳವನ್ನು ಮಾತ್ರ ಗಣಕಯಂತ್ರದಿಂದ ಆರಿಸಿ, ಒಂದರ ಮೇಲೊಂದನ್ನು ಹೊಂದಿಸುತ್ತಾರೆ. ಹೀಗೆ ಹಲವು ರಾತ್ರಿಗಳ ಬಳಿಕ ಬಿಂಬವು ತಿಳಿಯಾಯಿತು. ಆದರೆ ಪುಸ್ತಕದಲ್ಲಿ ಕಂಡಿದ್ದ ಅಗಲವಾದ ಉಂಗುರವೆಲ್ಲಿ? ಸಣ್ಣದೊಂದು ಗೆರೆಯಷ್ಟೇ ಇದ್ದಿತು. ಯಂತ್ರದಿಂದ ಇನ್ನಷ್ಟು ಸ್ಫುಟಗೊಳಿಸಿದಾಗ ಇಲ್ಲದ ಪಟ್ಟೆಗಳು ಮೂಡಿ ಚಿತ್ರವು ಸೊಗಸಾಯಿತು. ಅವನು ಎರಡನ್ನೂ ತಂದು, "ಗುರುಗಳೆ, ಸೊಗಸಾದುದನ್ನೇ ಜನರಿಗೆ ತೋರಿಸಬಹುದೆ?" ಎಂದು ಕೇಳಿದನು.

ಸುಮಾರು 15 ವರ್ಷಗಳಿಗೊಮ್ಮೆ ಶನಿಯ ಉಂಗುರದ ಅಂಚು ಭೂಮಿಯ ಕಡೆಗೆ ತಿರುಗುವುದು. 2025 ಅಂತಹ ವರ್ಷ. ಆ ಗೆರೆಯೇ ಸತ್ಯವಾಗಿತ್ತು. 1610ರಲ್ಲಿ ಗೆಲಿಲಿಯೊ ಶನಿಯ ಇಕ್ಕೆಲಗಳಲ್ಲಿ ಎರಡು ಗೋಳಗಳನ್ನು ಕಂಡನು. 1612ರಲ್ಲಿ ಅವು ಮಾಯವಾದಾಗ ತನ್ನ ಬೆರಗನ್ನು ಮುಚ್ಚಿಡದೆ ಬರೆದನು. ಅದು ಉಂಗುರವೆಂದು ಹೈಗೆನ್ಸನು ಪ್ರಕಟಿಸಿದುದು 1659ರಲ್ಲಿ.

ಆರಿಸಿ ಹೊಂದಿಸಿದ ಚಿತ್ರವೂ ಕೃತಕವಲ್ಲವೆ ಎಂದು ಕೇಳಬಹುದು. ಕಣದಲ್ಲಿ ರಾಶಿಯನ್ನು ತೂರಿ ಹೊಟ್ಟನ್ನು ಕಳೆಯುವುದು ಒಕ್ಕಲಿಗನ ಧರ್ಮ. ತೂಕಕ್ಕೆಂದು ಕಲ್ಲು ಬೆರೆಸುವುದು ಕಳ್ಳತನ. ಮೊದಲನೆಯದು ಇದ್ದುದನ್ನು ಶೋಧಿಸುತ್ತದೆ, ಎರಡನೆಯದು ಇಲ್ಲದುದನ್ನು ಸೇರಿಸುತ್ತದೆ. ಶರಣರು ಕಾಯಕಕ್ಕೆ ಸತ್ಯಶುದ್ಧಿಯನ್ನು ವಿಧಿಸಿದುದು ಈ ವಿವೇಕಕ್ಕಾಗಿಯೇ.

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಕುಳಿತಾಗ ನಮ್ಮ ಮನಸ್ಸೂ ಆ ಗಾಳಿಯಂತೆ ಕದಡುತ್ತದೆ. ಸಾವಿರ ಕ್ಷಣಗಳಲ್ಲಿ ನಿಂತುದು ನಾಲ್ಕಾರು. ಆದರೂ ನಾಲ್ವರ ಮುಂದೆ ಕಾಣದ ಬೆಳಗನ್ನು ಕಂಡೆವೆಂದು ಬಣ್ಣಿಸುತ್ತೇವೆ. ನಾನೂ ಬಣ್ಣಿಸಿದ್ದೇನೆ, ಆದುದರಿಂದ ಹುಡುಗನಿಗೆ ಉತ್ತರ ಹೇಳಲು ಒಡನೆಯೇ ನಾಲಗೆ ಏಳಲಿಲ್ಲ. ನನ್ನ ಮೌನವನ್ನು ಕಂಡು ಅವನೇ ಸೊಗಸಾದ ಚಿತ್ರವನ್ನು ಅಳಿಸಿದನು.

"ಇಂದು ಮನಸ್ಸು ನಿಲ್ಲಲಿಲ್ಲ" ಎಂದು ಒಪ್ಪಿಕೊಂಡು ನಾಳೆ ಮತ್ತೆ ಪೂಜೆಗೆ ಕುಳಿತುಕೊಳ್ಳುವ ಭಕ್ತನೇ ಅನುಭಾವಕ್ಕೆ ಹತ್ತಿರದವನು. ಅವನ ಗೆರೆ ಸಣ್ಣದಿರಬಹುದು. ಆದರೆ ಅದು ಕಂಡ ಗೆರೆ.