ಶತಾಧಿಪತಿಯ ಆಳು, ನಮ್ಮ ಲೈನಿನ ಹುಡುಗ



ಮೇ 1ರಂದು ಧರ್ಮಸಭೆ ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. 1955ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಅವರು ಸ್ಥಾಪಿಸಿದ ಈ ಹಬ್ಬ ನಮ್ಮ ಹೊಸೂರು ಸೀಮೆಗೆ ತುಂಬ ಹತ್ತಿರದ್ದು. ನಮ್ಮ ಅಜ್ಜ ಅಜ್ಜಿಯರು ರಾಗಿ ಹೊಲದಲ್ಲಿ ದುಡಿದವರು. ನಾವು ಬೆಳಗಿನ ಜಾವ ಕಂಪನಿ ಬಸ್ಸು ಹತ್ತುವವರು. ಕೆಲವರು ಸಿಪ್ಕಾಟ್ ಕಾರ್ಖಾನೆಗಳಿಗೆ, ಕೆಲವರು ಪೇಟೆಯ ಅಂಗಡಿಗಳಿಗೆ, ಇನ್ನು ಕೆಲವರು ಅತ್ತಿಬೆಲೆ ದಾಟಿ ಬೆಂಗಳೂರಿನ ಕಡೆಗೆ ಹೋಗುತ್ತೇವೆ. ಹಬ್ಬಕ್ಕೆ ಮುಂಚಿನ ಒಂದು ಭಾನುವಾರ, ಬಲಿಪೂಜೆಯ ನಂತರ, ಯುವಜನ ಸಂಘದ ನಾವೆಲ್ಲ ಸಭಾಂಗಣದಲ್ಲಿ ಕೂತು ಒಂದು ಪ್ರಶ್ನೆ ಹಾಕಿಕೊಂಡೆವು: ನಮ್ಮ ಮೇಲೆ ಇರುವವರು ನಮ್ಮನ್ನು ಅಕ್ಕರೆಯಿಂದ ನೋಡಿಕೊಳ್ಳಬೇಕು ಎಂದು ಬಯಸುತ್ತೇವಲ್ಲ, ನಮ್ಮ ಕೈಕೆಳಗಿನವರನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ?

ಮೊದಲು ಎಲ್ಲರೂ ತಮ್ಮ ತಮ್ಮ ಮೇಲಧಿಕಾರಿಗಳ ಬಗ್ಗೆಯೇ ಹೇಳಿದರು. ನಗುವೂ ಬಂತು, ಸಿಟ್ಟೂ ಬಂತು. ಆಮೇಲೆ ನಮ್ಮಲ್ಲೊಬ್ಬ, ಕಳೆದ ವರ್ಷ ಸೂಪರ್‌ವೈಸರ್ ಆದವನು, ಮೆಲ್ಲಗೆ ಬಾಯಿ ಬಿಟ್ಟ.

ಅವನ ಲೈನಿನಲ್ಲಿ ಜಾರ್ಖಂಡಿನ ಒಬ್ಬ ಹುಡುಗ ಇದ್ದಾನೆ. ಒಂದು ದಿನ ಅವನು ರಜೆ ಕೇಳಿದಾಗ, ಟಾರ್ಗೆಟ್ ಮುಗಿದಿಲ್ಲ ಎಂದು ಇವನು ಎಲ್ಲರ ಎದುರಿಗೇ ಗದರಿದ್ದ. ಮರುವಾರ ಆ ಹುಡುಗನ ಅಂಗೈಗೆ ತಗಡು ತಾಗಿ ಗಾಯವಾಯಿತು. ಅವನು ಯಾರಿಗೂ ಹೇಳಲಿಲ್ಲ. ಬಟ್ಟೆ ಸುತ್ತಿ, ಮೇಲೆ ಕೈಗವಸು ಹಾಕಿಕೊಂಡು ಮೂರು ದಿನ ಕೆಲಸ ಮಾಡಿದ. ನಾಲ್ಕನೆಯ ದಿನ ಕೈ ಊದಿಕೊಂಡು ಜ್ವರ ಬಂದಾಗಲೇ ವಿಷಯ ಗೊತ್ತಾದದ್ದು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೈ ವಾಸಿಯಾಯಿತು, ಆದರೆ ಎರಡು ವಾರದ ಕೆಲಸ ಹೋಯಿತು.

“ಗಾಯ ಮಾಡಿದ್ದು ನಾನಲ್ಲ. ಆದರೆ ಅವನು ನನಗೆ ಹೇಳೋಕೆ ಹೆದರಿದ. ಆ ಹೆದರಿಕೆ ಕೊಟ್ಟವನು ನಾನೇ” ಎಂದ ನಮ್ಮ ಗೆಳೆಯ. ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ವಿಜ್ಞಾನ ಓದಿದ ನಮ್ಮಂಥವರಿಗೆ ಇಲ್ಲಿ ಒಂದು ಅಧ್ಯಯನ ನೆನಪಾಗುತ್ತದೆ. 1990ರ ದಶಕದಲ್ಲಿ ಆಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಲೆಕ್ಕ ತಿರುಗುಮುರುಗಾಗಿ ಬಂತು: ಹೊಂದಿಕೊಂಡು ನಡೆಯುವ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕಾರಣ ಹುಡುಕಿದಾಗ ತಿಳಿದದ್ದೇನೆಂದರೆ, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಮುಖ್ಯಸ್ಥರು ಗದರುವ ಕಡೆ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಹೆದರಿಕೆ ತಪ್ಪನ್ನು ಕಡಿಮೆ ಮಾಡುವುದಿಲ್ಲ, ತಪ್ಪಿಗೆ ಕೈಗವಸು ಹಾಕುತ್ತದೆ.

ಹಾಗಾದರೆ ಅಕ್ಕರೆಯಿಂದ ಲಾಭವಿದೆ. ಇಂದು ಕಂಪನಿಗಳ ತರಬೇತಿಗಳಲ್ಲೂ ಇದನ್ನೇ ಹೇಳಿಕೊಡುತ್ತಾರೆ: ಕೆಲಸಗಾರನ ಹೆಸರು ಹಿಡಿದು ಕರೆಯಿರಿ, ಮನೆಯವರನ್ನು ವಿಚಾರಿಸಿ, ಉತ್ಪಾದನೆ ಹೆಚ್ಚುತ್ತದೆ. ನಮ್ಮ ನಿಜವಾದ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಉತ್ಪಾದನೆ ಹೆಚ್ಚಲಿ ಎಂದು ತೋರಿಸುವ ಅಕ್ಕರೆ ಅಕ್ಕರೆಯೇ? ಹಾಲು ಜಾಸ್ತಿ ಕೊಡಲಿ ಎಂದು ಹಸುವಿನ ಮೈ ತಿಕ್ಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಾಲು ಬತ್ತಿದ ದಿನ ಆ ಅಕ್ಕರೆ ಎಲ್ಲಿಗೆ ಹೋಗುತ್ತದೆ?

ಲೂಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಒಬ್ಬ ಮೇಲಧಿಕಾರಿ ಬರುತ್ತಾನೆ. ಕಫರ್ನವುಮಿನ ರೋಮನ್ ಶತಾಧಿಪತಿ. ಅವನ ಆಳು ಕಾಯಿಲೆಬಿದ್ದು ಸಾಯುವ ಸ್ಥಿತಿಯಲ್ಲಿದ್ದಾನೆ. ಆ ಆಳನ್ನು ವರ್ಣಿಸಲು ಲೂಕನು ‘ಎಂತಿಮೊಸ್’ ಎಂಬ ಗ್ರೀಕ್ ಪದವನ್ನು ಬಳಸುತ್ತಾನೆ. ಆ ಪದಕ್ಕೆ ಬೆಲೆಬಾಳುವವನು ಎಂದೂ ಹೇಳಬಹುದು, ಅಚ್ಚುಮೆಚ್ಚಿನವನು ಎಂದೂ ಹೇಳಬಹುದು. ಒಳ್ಳೆಯ ಕೆಲಸಗಾರನನ್ನು ಕಳೆದುಕೊಳ್ಳುತ್ತೇನೆ ಎಂದು ಶತಾಧಿಪತಿ ಚಿಂತಿಸಿದನೋ, ಅಥವಾ ಪ್ರೀತಿಯವನೊಬ್ಬ ನರಳುತ್ತಿದ್ದಾನೆ ಎಂದು ಸಂಕಟಪಟ್ಟನೋ? ಪದವೊಂದರಿಂದ ತೀರ್ಮಾನ ಮಾಡಲಾಗದು. ಅವನು ಮಾಡಿದ್ದನ್ನು ನೋಡಬೇಕು.

ಅವನು ಇನ್ನೊಬ್ಬ ಆಳನ್ನು ತರಬಹುದಿತ್ತು. ರೋಮನ್ ಅಧಿಕಾರಿಗೆ ಅದು ಕಷ್ಟವೇನಲ್ಲ. ಅದರ ಬದಲು ತಾನು ಆಳುವ ಜನರ ಹಿರಿಯರನ್ನೇ ಬೇಡಿಕೊಂಡ, ತನ್ನ ಮನೆಗೆ ಯೇಸು ಬರುವ ಯೋಗ್ಯತೆಯೂ ತನಗಿಲ್ಲ ಎಂದು ಎಲ್ಲರಿಗೂ ತಿಳಿಯುವಂತೆ ಹೇಳಿಕಳುಹಿಸಿದ. ಕೆಲಸಕ್ಕೆ ಬಾರದೆ ಮಲಗಿರುವ ಒಬ್ಬ ಆಳಿಗಾಗಿ ತನ್ನ ಠೀವಿಯನ್ನು ಬಿಟ್ಟುಕೊಟ್ಟ. ಲಾಭಕ್ಕಾಗಿ ತೋರಿಸುವ ಅಕ್ಕರೆಗೂ ನಿಜವಾದ ಅಕ್ಕರೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ. ನಿಜವಾದ ಅಕ್ಕರೆಗೆ ನಮ್ಮ ಕೈಯಿಂದಲೇ ಏನಾದರೂ ಖರ್ಚಾಗುತ್ತದೆ. ಲಾಭ ಬಂದರೂ ಬರಬಹುದು, ಆದರೆ ಬಾರದ ದಿನವೂ ಅದು ನಿಂತಿರುತ್ತದೆ.

ಪ್ರತಿ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವು ಹೇಳುವ ಪ್ರಾರ್ಥನೆ ಈ ಶತಾಧಿಪತಿಯದೇ ಮಾತು. ಅವನು ತನ್ನ ಆಳು ಗುಣವಾಗಲಿ ಎಂದು ಬೇಡಿದ. ನಾವು ಆ ಜಾಗದಲ್ಲಿ ನಮ್ಮ ಆತ್ಮಕ್ಕಾಗಿ ಬೇಡುತ್ತೇವೆ. ಅದು ಸರಿಯೇ. ಆದರೆ ಆ ಮಾತು ಮೊದಲು ಹುಟ್ಟಿದ್ದು ಒಬ್ಬ ಯಜಮಾನನ ಬಾಯಲ್ಲಿ, ಅವನ ಕೆಲಸದವನಿಗಾಗಿ ಎಂಬುದನ್ನು ಮರೆತು ಎಷ್ಟು ವರ್ಷ ಅದನ್ನು ಹೇಳಿದ್ದೇವೆ!

ನಮ್ಮ ಗೆಳೆಯನ ಮಾತು ಮುಗಿದಾಗ ಜವಳಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿಯೊಬ್ಬಳು ಕೇಳಿದಳು: “ಅಣ್ಣಾ, ನೀನು ಮೆತ್ತಗಾದ್ರೆ ಮೇಲಿನೋರು ನಿನ್ನ ಸುಮ್ನೆ ಬಿಡ್ತಾರಾ?” ನಮ್ಮಲ್ಲಿ ಮಾಲೀಕರು ಯಾರೂ ಇಲ್ಲ. ಸೂಪರ್‌ವೈಸರ್, ಟೀಮ್ ಲೀಡರ್, ಕ್ಯಾಷಿಯರ್, ಎಲ್ಲರೂ ನಡುವೆ ಸಿಕ್ಕಿಕೊಂಡವರೇ. ಮೇಲಿಂದ ಬಂದ ಒತ್ತಡವನ್ನು ಕೆಳಗೆ ದಾಟಿಸುವುದೇ ನಮ್ಮ ಕೆಲಸ ಎಂದು ತಿಳಿದಿದ್ದೇವೆ.

ಆದರೆ ಶತಾಧಿಪತಿಯೂ ನಡುವಿನವನೇ. ತಾನೂ ಅಧಿಕಾರದ ಕೆಳಗಿರುವವನು, ತನ್ನ ಕೆಳಗೂ ಸೈನಿಕರಿದ್ದಾರೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಅಪ್ಪಣೆ ಮೇಲಿಂದ ಕೆಳಗೆ ಹೇಗೆ ಹರಿಯುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅವನು ಮಾಡಿದ ಹೊಸ ಕೆಲಸವೆಂದರೆ, ಕೆಳಗಿನವನ ನೋವನ್ನು ಮೇಲಕ್ಕೆ ಹೊತ್ತದ್ದು. ನಡುವೆ ಇರುವವರಿಗೆ ಇದಕ್ಕಿಂತ ಸ್ಪಷ್ಟವಾದ ದಾರಿ ನಮಗೆ ಕಾಣಲಿಲ್ಲ. ಅಪ್ಪಣೆಯನ್ನು ಕೆಳಕ್ಕೆ ತಲುಪಿಸುವಷ್ಟೇ ಕಾಳಜಿಯಿಂದ ಅಳಲನ್ನು ಮೇಲಕ್ಕೆ ತಲುಪಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಗುಣವಾದ ಮೇಲೆಯೂ ಆ ಆಳು ಆಳಾಗಿಯೇ ಉಳಿದಿರಬಹುದು. ಯಜಮಾನ ಒಳ್ಳೆಯವನಾದ ಮಾತ್ರಕ್ಕೆ ಅನ್ಯಾಯದ ವ್ಯವಸ್ಥೆ ಸರಿಹೋಗುವುದಿಲ್ಲ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಅವರು ‘ರೇರುಂ ನೊವಾರುಂ’ ಪರಿಪತ್ರದಲ್ಲಿ, ಕೆಲಸಗಾರ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗದು, ಅದು ಅವನ ಬದುಕಿಗೆ ಸಾಲುವಂತಿರಬೇಕು ಎಂದು ಬೋಧಿಸಿದರು. ಹಬ್ಬಕ್ಕೆ ಸಿಹಿ ಹಂಚಿ ಓವರ್‌ಟೈಮ್ ಹಣ ಹಿಡಿದುಕೊಳ್ಳುವುದು ಅಕ್ಕರೆಯಲ್ಲ. ನ್ಯಾಯ ಮೊದಲು, ಅದರ ಮೇಲೆ ಅಕ್ಕರೆ.

ಹಾಗೆಂದು ನ್ಯಾಯವೊಂದೇ ಸಾಕೇ? ಆ ತಂಗಿಯ ಅನುಭವವನ್ನೇ ನೋಡೋಣ. ಕೋಳಿಕ್ಕೋಡಿನ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರಬೇಕಾಗಿದ್ದ ಹೆಂಗಸರು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ಬದಲಾಯಿಸಿತು. 2021ರಲ್ಲಿ ನಮ್ಮ ತಮಿಳುನಾಡೂ ಅಂಗಡಿ ಕೆಲಸಗಾರರಿಗೆ ಆಸನ ಇರಲೇಬೇಕು ಎಂದು ಕಾಯ್ದೆ ತಂದಿತು. ತಂಗಿಯ ಅಂಗಡಿಯಲ್ಲಿ ಈಗ ಸ್ಟೂಲ್ ಇದೆ. “ಆದ್ರೆ ಕೂತ್ರೆ ನಮ್ಮ ಇನ್‌ಚಾರ್ಜ್ ಅಕ್ಕ ಒಂಥರಾ ನೋಡ್ತಾರೆ. ಅದಕ್ಕೇ ಯಾರೂ ಕೂರಲ್ಲ” ಎಂದಳು. ಸ್ಟೂಲನ್ನು ಕಾನೂನು ತಂದಿಟ್ಟಿತು. ಅದರ ಮೇಲೆ ಕೂರುವ ಧೈರ್ಯವನ್ನು ಆ ಅಕ್ಕನ ಕಣ್ಣು ಕೊಡಬೇಕು.

ನಮಗೆ ಇದು ಅರ್ಥವಾಗದ ವಿಷಯವಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಕೂಡಿದ ಈ ಧರ್ಮಪ್ರಾಂತ್ಯದಲ್ಲಿ ನಾವು ಚಿಕ್ಕ ಗುಂಪು. ಯಾವುದೋ ಕಚೇರಿಯಲ್ಲಿ ತಡವರಿಸುತ್ತಾ ನಿಂತಾಗ ಒಬ್ಬರು “ಏನು ಬೇಕಮ್ಮಾ?” ಎಂದು ಕನ್ನಡದಲ್ಲಿ ಕೇಳಿದರೆ ಎಷ್ಟು ಹಗುರವಾಗುತ್ತದೆ ಎಂದು ನಮ್ಮ ತಾಯಂದಿರನ್ನು ಕೇಳಿ. ಜಾರ್ಖಂಡಿನಿಂದ, ಒಡಿಶಾದಿಂದ ಬಂದ ಹುಡುಗರು ಇಂದು ನಮ್ಮ ನಡುವೆ ಹಾಗೆಯೇ ತಡವರಿಸುತ್ತಿದ್ದಾರೆ. ಅವರ ಭಾಷೆಯಲ್ಲಿ ನಮಗೆ ಮೊದಲು ಬಂದದ್ದು ಬೈಗುಳವೋ, “ಊಟ ಆಯಿತಾ?” ಎಂಬ ಮಾತೋ?

ನಮ್ಮ ಗೆಳೆಯ ಆ ಹುಡುಗ ಕೆಲಸಕ್ಕೆ ಮರಳಿದ ದಿನ, ಗದರಿದ್ದು ಎಲ್ಲರ ಎದುರಿಗಾದ್ದರಿಂದ ತಪ್ಪಾಯಿತು ಎಂದದ್ದನ್ನೂ ಎಲ್ಲರ ಎದುರಿಗೇ ಹೇಳಿದ. ಶಿಫ್ಟ್ ಶುರುವಾಗುವಾಗ ಯಾರಿಗಾದರೂ ಗಾಯ, ಜ್ವರ ಇದೆಯೇ ಎಂದು ವಿಚಾರಿಸಲು ಐದು ನಿಮಿಷ ಬೇಕು ಎಂದು ಮ್ಯಾನೇಜರನ್ನು ಕೇಳಿದ. ಎರಡು ನಿಮಿಷ ಸಿಕ್ಕಿತು. ಆ ಎರಡು ನಿಮಿಷವನ್ನು ಅವನು ಬಿಟ್ಟುಕೊಟ್ಟಿಲ್ಲ.

ಆಳಾಗಬಲ್ಲವನು ಅರಸಾಗಬಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದಾರೆ. ಪವಿತ್ರ ಗುರುವಾರದಂದು ಪ್ರಭು ಸೊಂಟಕ್ಕೆ ಬಟ್ಟೆ ಕಟ್ಟಿ ಶಿಷ್ಯರ ಕಾಲು ತೊಳೆದು ತೋರಿಸಿದ್ದೂ ಇದನ್ನೇ. ಅಧಿಕಾರ ನಮ್ಮಲ್ಲಿ ಎಲ್ಲರಿಗೂ ಸ್ವಲ್ಪವಾದರೂ ಇದೆ: ಲೈನಿನಲ್ಲಿ, ಮನೆಗೆಲಸಕ್ಕೆ ಬರುವ ಅಕ್ಕನ ಮೇಲೆ, ಚರ್ಚ್ ಹಬ್ಬಕ್ಕೆ ಪೆಂಡಾಲ್ ಹಾಕುವವರ ಮೇಲೆ, ನಮ್ಮದೇ ಗಾಯನ ತಂಡದ ಚಿಕ್ಕವರ ಮೇಲೆ. ಮುಂದಿನ ಭಾನುವಾರ ಪರಮಪ್ರಸಾದಕ್ಕೆ ಮುಂಚೆ ಶತಾಧಿಪತಿಯ ಮಾತನ್ನು ಹೇಳುವಾಗ, ನಮ್ಮ ಆತ್ಮದ ಜೊತೆಗೆ ನಮ್ಮ ಕೈಕೆಳಗೆ ದುಡಿಯುವ ಒಬ್ಬರ ಮುಖವನ್ನೂ ಮನಸ್ಸಿಗೆ ತಂದುಕೊಳ್ಳೋಣ. ಸೋಮವಾರ ಅವರನ್ನು ಕಂಡಾಗ ಏನು ಕೇಳಬೇಕೆಂದು ಆಗ ತಾನಾಗಿಯೇ ತಿಳಿಯುತ್ತದೆ.