ಆರಂಭತ್ಯಾಗವೂ ಅನುಮತಿಯೂ



ಜೀವಮಾನವೆಲ್ಲ ದುಡಿದು ಒಂದು ಕಂಪನಿಯನ್ನು ಕಟ್ಟಿದ ಗೃಹಸ್ಥನು, ಅರವತ್ತು ದಾಟಿದ ಮೇಲೆ ಅದರ ಆಡಳಿತವನ್ನು ಬೇರೆಯವರಿಗೆ ಒಪ್ಪಿಸಿ, ಪರದೇಶದಲ್ಲಿರುವ ಮಕ್ಕಳ ಮನೆಯನ್ನು ಸೇರುವುದು ಈ ಕಾಲದಲ್ಲಿ ಅಪೂರ್ವವಲ್ಲ. ಹುದ್ದೆಯನ್ನು ಬಿಟ್ಟರೂ ಷೇರುಗಳು ಅವನ ಹೆಸರಿನಲ್ಲಿಯೇ ಇರುತ್ತವೆ; ಲಾಭಾಂಶವೂ ಬರುತ್ತಿರುತ್ತದೆ. “ನಾನೀಗ ಯಾವ ವ್ಯವಹಾರವನ್ನೂ ಮಾಡುತ್ತಿಲ್ಲ, ನನ್ನ ವ್ರತೋಪವಾಸಗಳಿಗೆ ಇನ್ನೇನು ಅಡ್ಡಿ?” ಎಂದು ಅಂಥವನು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಉತ್ತರವು ಶ್ರಾವಕಾಚಾರದಲ್ಲಿಯೇ ಇದೆ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಎಂಟನೆಯದು ಆರಂಭತ್ಯಾಗ. ಸೇವೆ, ಕೃಷಿ, ವಾಣಿಜ್ಯಾದಿಗಳನ್ನು ಬಿಡುವುದು. ಒಂಬತ್ತನೆಯದು ಪರಿಗ್ರಹತ್ಯಾಗ. ಹತ್ತನೆಯದು ಅನುಮತಿತ್ಯಾಗ, ಲೌಕಿಕ ಕಾರ್ಯಗಳಿಗೆ ಸಮ್ಮತಿ ಕೊಡುವುದನ್ನೂ ಬಿಡುವುದು. ಆಚಾರ್ಯರು ಈ ಮೂರನ್ನು ಬೇರೆ ಬೇರೆ ಮೆಟ್ಟಿಲುಗಳಾಗಿ ಇರಿಸಿದುದು ಸಕಾರಣವಾಗಿಯೇ. ಕೈ ಕೆಲಸವನ್ನು ಬಿಟ್ಟಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಒಡೆತನ ಇರುವ ತನಕ ಸಮ್ಮತಿಯೂ ಹಿಂಬಾಲಿಸುತ್ತದೆ. ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುತ್ತದೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಇವು ಮೂರು ಯೋಗ, ಮೂರು ಆರಂಭಭೇದ, ನಾಲ್ಕು ಕಷಾಯಗಳೊಡನೆ ಗುಣಿತವಾಗಿ 108 ಆಗುತ್ತವೆ. ಜಪಮಾಲೆಯ ಮಣಿಗಳೂ ಅಷ್ಟೇ.

ನಮ್ಮ ಸೀಮೆಯ ಉದಾಹರಣೆಯನ್ನೇ ನೋಡೋಣ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ನೂಲು ಬಿಚ್ಚುವಾಗ ಗೂಡಿನೊಳಗಿನ ಜೀವವು ಶಾಖದಿಂದ ಸಾಯುತ್ತದೆ. ಅಂಥ ಕಾರ್ಖಾನೆಯಲ್ಲಿ ಪಾಲಿರುವವನು ಸಾವಿರಾರು ಮೈಲಿ ದೂರದಲ್ಲಿ ಚತುರ್ದಶಿಯ ಉಪವಾಸ ಮಾಡಿದರೂ ಆ ದಿನದ ಲಾಭದಲ್ಲಿ ಅವನ ಪಾಲು ಬೆಳೆಯುತ್ತಲೇ ಇರುತ್ತದೆ.

“ನಾನು ಸುಮ್ಮನಿದ್ದೇನೆ” ಎಂಬ ಮಾತು ಲೌಕಿಕದಲ್ಲಿಯೂ ನಿಲ್ಲುವುದಿಲ್ಲ. 2013ರ ಕಂಪನಿ ಕಾಯಿದೆಯಂತೆ ವಿಶೇಷ ನಿರ್ಣಯಕ್ಕೆ ಪರವಾದ ಮತಗಳು ವಿರುದ್ಧ ಮತಗಳ ಮೂರರಷ್ಟಾದರೂ ಇರಬೇಕು. ಆದುದರಿಂದ ನಾಲ್ಕನೆಯ ಒಂದಂಶಕ್ಕಿಂತ ಹೆಚ್ಚು ಮತಾಧಿಕಾರವುಳ್ಳವನು ಅಂಥ ನಿರ್ಣಯವನ್ನು ತಡೆಯಬಲ್ಲನು. ತಡೆಯಬಲ್ಲವನ ಮೌನವೂ ಅನುಮತಿಯೇ.

ದೇಶವ್ರತದ ಐದು ಅತಿಚಾರಗಳು ಇಲ್ಲಿ ಚೆನ್ನಾಗಿ ಅನ್ವಯಿಸುತ್ತವೆ: ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವ ಆನಯನ, ಆಳನ್ನು ಕಳುಹಿಸುವ ಪ್ರೇಷ್ಯಪ್ರಯೋಗ, ದನಿಯಿಂದ ತಿಳಿಸುವ ಶಬ್ದಾನುಪಾತ, ರೂಪ ತೋರಿಸುವ ರೂಪಾನುಪಾತ, ಕಲ್ಲು ಹೆಂಟೆ ಎಸೆದು ಸನ್ನೆ ಮಾಡುವ ಪುದ್ಗಲಕ್ಷೇಪ. ಮಗನ ಊರಿನ ಎಲ್ಲೆಯಲ್ಲಿಯೇ ಇರುವೆನೆಂದು ವ್ರತ ಹಿಡಿದು, ರಾತ್ರಿ ದೂರವಾಣಿಯಲ್ಲಿ ಗೌರಿಬಿದನೂರಿನ ಗುಮಾಸ್ತನಿಗೆ ಅಪ್ಪಣೆ ಕೊಟ್ಟರೆ ಅದು ಶಬ್ದಾನುಪಾತ. ವೀಡಿಯೋ ಕರೆಯಲ್ಲಿ ಮುಖ ತೋರಿಸಿ ಕೆಲಸ ಮಾಡಿಸಿದರೆ ರೂಪಾನುಪಾತ.

ಗಂಗರಾಜ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ನಡೆಸಿ ಸಮಾಧಿಯನ್ನು ಸಾಧಿಸಿದನೆಂದು ಶ್ರವಣಬೆಳಗೊಳದ ಶಾಸನವು ಸಾರುತ್ತದೆ. ಆ ಧೀರತೆ ಎಲ್ಲರಿಗೂ ಸಾಧ್ಯವಲ್ಲ. ಆದುದರಿಂದಲೇ ಗೃಹಸ್ಥನಿಗೆ ಪರಿಗ್ರಹ ಪರಿಮಾಣವನ್ನು ವಿಧಿಸಿದ್ದಾರೆ. ಪಾಲು ಇರಲಿ, ಆದರೆ ಅದಕ್ಕೆ ಎಲ್ಲೆಯಿರಲಿ. ಹಿಂಸೆಯ ಉದ್ಯಮವಾದರೆ ಮೊದಲು ಅದನ್ನು ಬಿಡಲಿ. ನಿರ್ದೋಷವಾದ ಉದ್ಯಮವಾದರೆ ಸ್ವಂತಕ್ಕೆ ಬೇಕಾದ ಮೊತ್ತವನ್ನು ಜಿನಬಿಂಬದ ಮುಂದೆ ಸಂಕಲ್ಪಿಸಿ, ಉಳಿದ ಲಾಭಾಂಶವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಮೀಸಲಿಡಲಿ. ಮತಾಧಿಕಾರ ಇರುವ ತನಕ ಅದನ್ನು ಅಹಿಂಸೆಯ ಪರವಾಗಿ ಚಲಾಯಿಸಲಿ. ಅಷ್ಟಮಿ ಚತುರ್ದಶಿಗಳಂದು ಅನ್ನದೊಡನೆ ಲೆಕ್ಕಪತ್ರವನ್ನೂ ದೂರವಿಡಲಿ. ಹೀಗೆ ವರ್ಷವರ್ಷಕ್ಕೂ ಎಲ್ಲೆಯನ್ನು ಕಿರಿದು ಮಾಡುತ್ತ ಹೋದವನಿಗೆ ಮುಂದಿನ ಮೆಟ್ಟಿಲು ತಾನಾಗಿಯೇ ಹತ್ತಿರವಾಗುತ್ತದೆ.

ಸರ್ವರಿಗೂ ಧರ್ಮವೃದ್ಧಿಯಾಗಲಿ.