ನನ್ನ ಕಪ್ ಆಫ್ ಟೀ ಅಲ್ಲ

ಎಂ.ಎ. ತರಗತಿಯ ಮೊದಲ ದಿನ ಎಲ್ಲರ ಆಸಕ್ತಿಗಳನ್ನು ಕೇಳುತ್ತಿದ್ದೆ. ಸಿನಿಮಾ, ಕ್ರಿಕೆಟ್, ಸಣ್ಣಕತೆ ಎಂದೆಲ್ಲ ಬಂದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಳಗನ್ನಡ ಮಾತ್ರ ನನ್ನ ಕಪ್ ಆಫ್ ಟೀ ಅಲ್ಲ ಸರ್’ ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಎಷ್ಟು ಸಭ್ಯವಾದ ಮಾತು! ಹಳಗನ್ನಡ ಕೆಟ್ಟದ್ದೆಂದು ಅವನು ಹೇಳಲಿಲ್ಲ, ತನಗೆ ಬರುವುದಿಲ್ಲವೆಂದೂ ಹೇಳಲಿಲ್ಲ. ಪಂಪನನ್ನೂ ನೋಯಿಸದೆ, ತನ್ನನ್ನೂ ಬಿಟ್ಟುಕೊಡದೆ ಪಾರಾದ.

ಇಂಗ್ಲಿಷರು ಈ ಮಾತನ್ನು ಇಷ್ಟವಾದದ್ದನ್ನು ಹೇಳಲೂ ಬಳಸುತ್ತಾರೆ. ನಮ್ಮಲ್ಲಿಗೆ ಬರುವಾಗ ಮಾತ್ರ ಅದು ‘ಅಲ್ಲ’ವನ್ನು ಕಟ್ಟಿಕೊಂಡೇ ಬಂದಂತಿದೆ.

ಕಾಂಟ್ 1790ರಲ್ಲಿ ಪ್ರಕಟಿಸಿದ ‘ಕ್ರಿಟೀಕ್ ಆಫ್ ಜಡ್ಜ್‌ಮೆಂಟ್’ನಲ್ಲಿ ಇದಕ್ಕೆ ಹತ್ತಿರದ ಉದಾಹರಣೆಯಿದೆ, ಅಲ್ಲಿರುವುದು ಟೀ ಅಲ್ಲ, ಕ್ಯಾನರಿ ದ್ವೀಪಗಳ ವೈನು. ಆ ವೈನು ಹಿತವಾಗಿದೆ ಎಂದವನನ್ನು ‘ನನಗೆ ಹಿತವಾಗಿದೆ ಎನ್ನಪ್ಪ’ ಎಂದು ತಿದ್ದಿದರೆ ಅವನು ಸುಮ್ಮನೆ ಒಪ್ಪಿಕೊಳ್ಳುತ್ತಾನೆ. ಆದರೆ ಒಂದು ಕವಿತೆಯನ್ನು ‘ನನಗೆ ಸುಂದರ’ ಎಂದರೆ ನಗೆಪಾಟಲು. ಸುಂದರ ಎಂದವನು ಉಳಿದವರೂ ಒಪ್ಪಲಿ ಎಂದು ಬಯಸಿರುತ್ತಾನೆ, ಜಗಳಕ್ಕೂ ಸಿದ್ಧನಿರುತ್ತಾನೆ. ನಮ್ಮ ಹುಡುಗ ಪಂಪನನ್ನು ವೈನಿನ ಕಡೆಗೆ ತಳ್ಳಿ ಜಗಳದ ಬಾಗಿಲು ಮುಚ್ಚಿಬಿಟ್ಟ.

ನಮ್ಮ ಮೀಮಾಂಸಕರೂ ನಾಲಿಗೆಯಿಂದಲೇ ಹೊರಟವರು. ಭರತ ರಸವನ್ನು ವಿವರಿಸುವುದು ಊಟದ ಹೋಲಿಕೆಯಿಂದ. ಆದರೆ ಅಭಿನವಗುಪ್ತನ ಸಹೃದಯ ಹುಟ್ಟಿನಿಂದ ಬಂದ ನಾಲಿಗೆಯನ್ನೇ ನಂಬಿ ಕೂತವನಲ್ಲ. ಕಾವ್ಯದ ಅಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು. ಆ ಅಭ್ಯಾಸದ ಅವಕಾಶ ಯಾರಿಗಿತ್ತು ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ, ಅದು ಬೇರೆ. ಒಂದು ವಾರ ಕಳೆದು ಹುಡುಗನನ್ನು ಒಬ್ಬನೇ ಸಿಕ್ಕಾಗ ಮಾತಾಡಿಸಿದೆ. ‘ಡಿಗ್ರಿಯಲ್ಲಿ ಗೈಡು ಓದಿ ಪಾಸಾದ್ವಿ ಸರ್. ಗಟ್ಟಿಯಾಗಿ ಓದೋಕೆ ನಾಚಿಕೆ ಆಗುತ್ತೆ’ ಎಂದ. ಅವನ ಕಪ್ಪಿನೊಳಗೆ ಇದ್ದದ್ದು ಅದು.

ಅವನನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಎರಡು ವರ್ಷದ ಹಿಂದೆ ನಮ್ಮಲ್ಲಿ ಕೆಲವರ ಫೆಲೋಶಿಪ್ ತಿಂಗಳುಗಟ್ಟಲೆ ನಿಂತಿತ್ತು. ನನಗೆ ಬಂದಿತ್ತು, ಹಾಸ್ಟೆಲ್ಲಿನ ಗೆಳೆಯನಿಗೆ ಬಂದಿರಲಿಲ್ಲ. ಅವನು ಮನವಿಪತ್ರವೊಂದನ್ನು ಬರೆದು ಸಹಿ ಕೇಳಲು ಕ್ಯಾಂಟೀನಿಗೆ ಬಂದ. ‘ಈ ಪಾಲಿಟಿಕ್ಸೆಲ್ಲ ನನ್ನ ಕಪ್ ಆಫ್ ಟೀ ಅಲ್ಲ ಮಾರಾಯ’ ಎಂದೆ. ಅವನು ಹಾಳೆ ಮಡಚಿ ಜೇಬಿಗಿಟ್ಟು ಬೈಟು ಹೇಳಿದ. ಲೋಟ ನನ್ನ ಕಡೆ ಸರಿಸುತ್ತ, ‘ನಮ್ಮಪ್ಪಂಗೆ ಊರ ಹೋಟ್ಲಲ್ಲಿ ಕಪ್ಪೇ ಇರ್ಲಿಲ್ಲ ಕಣೋ. ಹೊರಗೆ ನಿಲ್ಸಿ ಚಿಪ್ಪಲ್ಲಿ ಹೊಯ್ಯೋರು’ ಎಂದು ನಕ್ಕ. ಆಮೇಲೆ ಕ್ರಿಕೆಟ್ ಮಾತಾಡಿದೆವು.

ಮನವಿ ನನಗೆ ಇಷ್ಟವೇ ಎಂದು ಅವನು ಕೇಳಿರಲಿಲ್ಲ. ಅದರಲ್ಲಿ ಬರೆದದ್ದು ನ್ಯಾಯವೇ, ಅಲ್ಲವೇ ಎಂಬುದಷ್ಟೇ ಪ್ರಶ್ನೆ. ನಾನು ಅವನು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟೆ. ಸಹಿ ಹಾಕದಿರಲು ನನಗೆ ಕಾರಣವಿತ್ತು: ಪ್ರಬಂಧ ಒಪ್ಪಿಸುವ ಸಮಯ, ಮೇಲಿನವರ ಕಣ್ಣಿಗೆ ಬೀಳುವ ಭಯ. ‘ಹೆದರಿಕೆ ಆಗುತ್ತೆ’ ಎಂದಿದ್ದರೆ ಅವನು ಧೈರ್ಯ ಹೇಳಬಹುದಿತ್ತು, ಬೈಯಬಹುದಿತ್ತು, ಹೋಗಲಿ ಬಿಡು ಎನ್ನಬಹುದಿತ್ತು. ಹೆದರಿಕೆಗೆ ಎದುರುತ್ತರವಿದೆ. ರುಚಿಗೆ ಏನು ಹೇಳುತ್ತಾನೆ? ಲೋಕೋ ಭಿನ್ನರುಚಿ ಎಂದು ಎದ್ದು ಹೋಗಬೇಕಷ್ಟೆ. ಹುಡುಗ ನಾಚಿಕೆಯನ್ನು ರುಚಿ ಎಂದ, ನಾನು ಭಯವನ್ನು ರುಚಿ ಎಂದೆ. ಅವನ ಮಾತಿನಿಂದ ಯಾರ ಮೆಸ್ ಬಿಲ್ಲೂ ಬಾಕಿ ಉಳಿಯಲಿಲ್ಲ.

ಗೆಳೆಯನ ಫೆಲೋಶಿಪ್ ಮುಂದೆ ಬಂತು. ಮನವಿಯಲ್ಲಿ ನನ್ನ ಸಹಿ ಇಲ್ಲ. ಕ್ಯಾಂಟೀನಿನಲ್ಲಿ ಬೈಟು ಹೇಳುವವನು ಈಗಲೂ ಅವನೇ.